ಮಣ್ಣು ಅಂದರೆ ಮಣ್ಣೇ

ನಮ್ಮಲ್ಲಿ ಸತ್ತವರನ್ನು ಸುಡುತ್ತೇವೆ. ಸುಟ್ಟು ಬಂದ ಮೇಲೂ "ಮಣ್ಣು ಮಾಡಿ ಬಂದ್ವಿ" ಎಂದೇ ಹೇಳುತ್ತೇವೆ. ಯಾರಾದರೂ ಹೋದ ಸುದ್ದಿ ಬಂದರೆ "ಮಣ್ಣು ಎಷ್ಟೊತ್ತಿಗೆ?" ಎಂದು ಕೇಳುತ್ತೇವೆ, ಹೆಣ ಹೋಗುವುದು ವಿದ್ಯುತ್ ಚಿತಾಗಾರಕ್ಕೇ ಆದರೂ. ಮಣ್ಣಿಗೆ ಬರಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟ ನೆಂಟರು ನಮ್ಮಲ್ಲಿದ್ದಾರೆ. ಅಲ್ಲಿ ಮಣ್ಣು ಎಲ್ಲಿತ್ತು ಎಂದು ಯಾರೂ ಕೇಳಿದ್ದಿಲ್ಲ.

ನನ್ನ ತಂಗಿ ಹೋದ ದಿನ ನಾನು ಈ ಮಾತಿನ ಹಿಂದೆ ಅಡಗಿಕೊಂಡೆ. ಅದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟು ಪಕ್ಕದ ಬೀದಿಯ ಟೈಲರಮ್ಮನ ಹತ್ತಿರ ಗುಂಡಿ, ಕಾಜ ಹಾಕಲು ಹೋದೆ. ಆಮೇಲೆ ಶ್ರೀನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತ ಬಂದೆ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅವಳು ಪಿಯುಸಿ ಮುಗಿಸಿ, ಟೀಚರ್ ಟ್ರೈನಿಂಗ್ ಮಾಡಿ, ಜೆ.ಪಿ. ನಗರದ ಒಂದು ನರ್ಸರಿ ಶಾಲೆಗೆ ಸೇರಿದಳು. ಮದುವೆ ಬೇಡವೆಂದಳು. ನನ್ನ ಗಂಡ ಹೋದ ಮೇಲೆ ನಾನು, ನನ್ನ ಮಗಳು, ಅವಳು, ಮೂವರೂ ಒಂದೇ ಮನೆಯಲ್ಲಿದ್ದೆವು.

ಅವಳಿಗೆ ಓದು, ನನಗೆ ಸೂಜಿ. ಇದನ್ನು ಯಾರೂ ನನ್ನಿಂದ ಕಿತ್ತುಕೊಂಡು ಅವಳಿಗೆ ಕೊಡಲಿಲ್ಲ, ಹಾಗೆ ಆಯಿತು ಅಷ್ಟೆ. ಆದರೂ ಅವಳು ಪುಸ್ತಕ ಹಿಡಿದು ಕೂತಾಗ ನನ್ನ ಕಾಲು ಮಿಷನ್ನಿನ ಪೆಡಲನ್ನು ಸ್ವಲ್ಪ ಜೋರಾಗಿಯೇ ತುಳಿಯುತ್ತಿತ್ತು. ಮುಂದೆ ಹೇಳುವುದಕ್ಕೆ ಇದೂ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಶಾಲೆಯಲ್ಲಿ ಅವಳ ಜೊತೆ ಪಾಠ ಮಾಡುತ್ತಿದ್ದ ಹಿರಿಯ ಟೀಚರೊಬ್ಬರು ಬಹಾಯಿ ಧರ್ಮದವರು. ನಾವು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ವಾರಕ್ಕೊಂದು ಸಂಜೆ ಅವರ ಮನೆಯಲ್ಲಿ ಏಳೆಂಟು ಜನ ಸೇರಿ ಪ್ರಾರ್ಥನೆ ಓದುತ್ತಿದ್ದರು. ತಂಗಿ ಮೊದಲು ಮಕ್ಕಳಿಗೆ ಹಾಡು ಹೇಳಿಕೊಡಲು ಹೋದಳು, ಆಮೇಲೆ ಕೇಳಲು ಹೋದಳು, ಕೊನೆಗೆ ಅವರಲ್ಲಿ ಒಬ್ಬಳಾದಳು. ಒಂದು ಭಾನುವಾರ ಬೇಳೆ ಆರಿಸುತ್ತ ಅದನ್ನು ನನಗೆ ಹೇಳಿದಳು.

"ಅಂದ್ರೆ ನಮ್ಮ ದೇವ್ರು ಬಿಟ್ಯಾ?" ಅಂದೆ.

"ಬಿಡೋದೇನಕ್ಕ. ದೇವ್ರು ಒಬ್ಬನೇ ಅಂತಾರೆ ಅವ್ರು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗುರುಗಳನ್ನ ಕಳಿಸಿದಾನೆ ಅಂತ. ನಮ್ಮ ಅವತಾರಗಳೂ ಅದ್ರಲ್ಲಿ ಸೇರಿದ್ವು."

ನನಗೆ ಅಷ್ಟು ಸಾಕಾಗಿತ್ತು. ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಗುಡಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೊರಟರೆ, ರಜೆಯಿದ್ದಾಗ ಅವಳೂ ಜೊತೆಗೆ ಬರುತ್ತಿದ್ದಳು. ಹಣ್ಣು ಹೆಚ್ಚಿ ರಸ ಹಿಂಡಿ ಸ್ಟೀಲ್ ಡಬ್ಬಿಗೆ ತುಂಬಿಸಿ, ಸಿಪ್ಪೆಯನ್ನು ಒಳಮೈ ಹೊರಗೆ ತಿರುಗಿಸಿ ನನ್ನ ಕೈಗೆ ಕೊಡುವುದು ಅವಳ ಕೆಲಸ. ದೀಪ ನಾನು ಹಚ್ಚುವುದು. ಮನೆಗೆ ಬಂದು ಆ ರಸಕ್ಕೆ ಬೆಲ್ಲ ಹಾಕಿ ಪಾನಕ ಮಾಡಿ ಮೂವರೂ ಕುಡಿಯುತ್ತಿದ್ದೆವು. ನನ್ನ ದೀಪವನ್ನು ಅವಳು ಒಂದು ದಿನವೂ ಹಗುರ ಮಾಡಿ ಮಾತಾಡಲಿಲ್ಲ.

ಜಗಳ ಆಗಿದ್ದು ಬಿಳಿ ಕುದುರೆಯ ವಿಷಯಕ್ಕೆ.

ಕಲಿಯುಗದ ಕೊನೆಗೆ ಹನ್ನೆರಡು ಸೂರ್ಯರು ಒಟ್ಟಿಗೆ ಉರಿಯುತ್ತಾರೆ, ಬಿಳಿ ಕುದುರೆ ಏರಿ ಕತ್ತಿ ಹಿಡಿದು ಕೊನೆಯ ಅವತಾರ ಬರುತ್ತಾನೆ ಎಂದು ಅಜ್ಜಿ ನಮಗೆ ಹೇಳುತ್ತಿದ್ದಳು. ಎಂಟು ವರ್ಷದವಳಿದ್ದಾಗ ಹನುಮಂತನಗರದ ಹತ್ತಿರ ಮದುವೆ ಮೆರವಣಿಗೆಯ ಬಿಳಿ ಕುದುರೆ ಕಂಡು, ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಬಿಸಾಕಿ ಮನೆಗೆ ಓಡಿಬಂದವಳು ನಾನು. ಲೋಕ ಮುಳುಗಿತು ಎಂದೇ ಅಂದುಕೊಂಡಿದ್ದೆ. ಈ ಕಥೆಯನ್ನು ನಾನು ಇದ್ದ ಹಾಗೆಯೇ ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ತಂಗಿ ಒಂದು ಮಧ್ಯಾಹ್ನ ಹೇಳಿದಳು: "ಆ ಅವತಾರ ಬಂದಾಯ್ತಕ್ಕ. ಕುದುರೆ ನೋಡ್ತಾ ನಿಂತವರಿಗೆ ಬಂದವರು ಕಾಣ್ಲಿಲ್ಲ."

"ಎಲ್ಲಿ ಬಂದ? ಸೂರ್ಯ ಒಂದೇ ಇದೆಯಲ್ಲ ಇನ್ನೂ."

"ಅದು ಸಾಂಕೇತಿಕ."

"ಸಂಕೇತಿನಾ? ಸಂಕೇತಿ ಬ್ರಾಹ್ಮಣರು ನಂಗೊತ್ತಿಲ್ವಾ? ನಮ್ಮ ಗಿರಾಕಿ ಒಬ್ರಿದಾರೆ, ಸಖತ್ತಾಗಿ ಅಡುಗೆ ಮಾಡ್ತಾರೆ. ಅವರಿಗೂ ಕುದುರೆಗೂ ಏನು?"

ಅವಳು ನೆಲದ ಮೇಲೆ ಬಿದ್ದು ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ, ಆದರೆ ನನ್ನ ಮಗಳೂ ಸೇರಿ ನಕ್ಕಾಗ ನನ್ನ ಕಿವಿ ಬಿಸಿಯಾಯಿತು. ಆಮೇಲೆ ಅವಳು ಸಮಾಧಾನದಿಂದ ಬಿಡಿಸಿ ಹೇಳಿದಳು. ಲೋಕದ ಕೊನೆಗೆ ಸೂರ್ಯ ಕಪ್ಪಾಗುತ್ತದೆ, ನಕ್ಷತ್ರ ಉದುರುತ್ತವೆ ಎಂದು ಬೇರೆ ಮತಗಳ ಪುಸ್ತಕಗಳೂ ಹೇಳುತ್ತವಂತೆ. ಸೂರ್ಯ ಕಪ್ಪಾಗುವುದೆಂದರೆ ಹಳೆಯ ಬೋಧನೆಯ ಬೆಳಕು ಜನರ ಮನಸ್ಸಿನಲ್ಲಿ ಮಂಕಾಗುವುದು. ನಕ್ಷತ್ರ ಉದುರುವುದೆಂದರೆ ದಾರಿ ತೋರಿಸಬೇಕಾದವರೇ ದಾರಿ ತಪ್ಪುವುದು. ಅವುಗಳಲ್ಲೇ ಸತ್ತವರು ಗೋರಿಯಿಂದ ಏಳುತ್ತಾರೆ ಎನ್ನುತ್ತಾರಲ್ಲ, ಅದು ಮೂಳೆ ಮಾಂಸ ಏಳುವ ಮಾತಲ್ಲ. ಬದುಕಿದ್ದೂ ಒಳಗೆ ಸತ್ತಂತಿರುವವರು ಹೊಸ ಮಾತು ಕೇಳಿ ಎಚ್ಚರಾಗುವುದು. ಕತ್ತಿಯೆಂದರೆ ಮಾತಿನ ಶಕ್ತಿ. ಹೀಗೆ ಒಂದೊಂದನ್ನೂ.

ಚೆನ್ನಾಗಿಯೇ ಹೇಳಿದಳು. ಆದರೆ ನನಗಿದ್ದ ವಿದ್ಯೆ ಎಂದರೆ ಅಜ್ಜಿ ಹೇಳಿದ ಕಥೆಗಳು ಮಾತ್ರ. ಅವನ್ನೂ ಇವಳು ಹೊಲಿಗೆ ಬಿಚ್ಚಿ ಒಳಗಿದ್ದದ್ದನ್ನು ತೆಗೆದುಕೊಂಡು, ಬರೀ ಬಟ್ಟೆಯನ್ನು ನನಗೆ ಬಿಟ್ಟಳು ಅನ್ನಿಸಿತು.

"ಹಂಗಾದ್ರೆ ಎಲ್ಲಾನೂ ಸಾಂಕೇತಿಕ ಅನ್ಬಿಡು," ಅಂದೆ. "ನೀವು ಮಾರ್ಚಲ್ಲಿ ಹತ್ತೊಂಬತ್ತು ದಿನ ಉಪವಾಸ ಮಾಡ್ತೀರಲ್ಲ, ಅದನ್ನೂ ಸಾಂಕೇತಿಕವಾಗಿ ಮಾಡು. ಒಳಗೆ ಕೂತು ದೋಸೆ ತಿನ್ನು."

"ಇಲ್ಲಕ್ಕ. ಅದು ಕಟ್ಟಳೆ. ಸೂರ್ಯ ಹುಟ್ಟೋದ್ರಿಂದ ಮುಳುಗೋವರೆಗೂ ಅಂದ್ರೆ ಅಷ್ಟೇ. ಅಲ್ಲಿ ಈ ಸೂರ್ಯನೇ."

"ಒಂದ್ ಕಡೆ ಸೂರ್ಯ ಅಂದ್ರೆ ಸೂರ್ಯ ಅಲ್ಲ, ಇನ್ನೊಂದ್ ಕಡೆ ಸೂರ್ಯನೇ. ನಿಂಗೆ ಬೇಕಾದಂಗೆ."

ಅವಳು ನನ್ನ ಮಿಷನ್ ಹತ್ತಿರ ಬಂದು ಕೂತಳು. "ಗಿರಾಕಿ ಬಂದು 'ಬ್ಲೌಸ್ ಮೈಗೆ ಅಂಟಿದಂಗಿರ್ಬೇಕು' ಅಂದ್ರೆ ಏನ್ ಮಾಡ್ತೀಯಾ? ಗೋಂದು ಹಾಕ್ತೀಯಾ?"

"ಹುಚ್ಚಿ."

"ತೋಳು ಹತ್ತು ಇಂಚು ಅಂದ್ರೆ?"

"ಹತ್ತೇ ಇಂಚು."

"ಒಂಬತ್ತೂವರೆ ಮಾಡ್ಬಿಟ್ಟು, 'ನೀವು ಹತ್ತು ಅಂದಿದ್ದು ಮಾತಿಗೆ ಅಂದ್ಕೊಂಡೆ' ಅಂದ್ರೆ?"

"ಬಟ್ಟೆ ಮುಖಕ್ಕೆ ಎಸೀತಾರೆ."

"ಅಷ್ಟೇ. ಒಂದು ವರ್ಣನೆ, ಇನ್ನೊಂದು ಅಳತೆ. ನಿಂಗೆ ಬ್ಲೌಸಲ್ಲಿ ಗೊತ್ತಾಗುತ್ತೆ, ನಂಗೆ ಪುಸ್ತಕದಲ್ಲಿ ಅಲ್ಪಸ್ವಲ್ಪ ಗೊತ್ತಾಗುತ್ತೆ. ಎಲ್ಲಾ ಗೊತ್ತಾಗಲ್ಲ."

"ಗೊತ್ತಾಗದಿದ್ದಾಗ?"

"ಕೇಳ್ತೀನಿ. ಬಿಡಿಸಿ ಹೇಳೋ ಅಧಿಕಾರ ಇದ್ದವರು ಬರೆದಿಟ್ಟಿದಾರೆ, ಅದನ್ನ ನೋಡ್ತೀನಿ. ನಾನು ಹೇಳೋದು ನನ್ನ ತಿಳುವಳಿಕೆ ಅಷ್ಟೇ ಅಕ್ಕ. ನೀನು ಇದನ್ನೇ ನಂಬು ಅನ್ನೋ ಹಕ್ಕು ನಂಗಿಲ್ಲ. ನಮ್ಮಲ್ಲಿ ಯಾರಿಗೂ ಇಲ್ಲ."

ಅವಳು ನನಗೆ ಹೇಳಿಕೊಟ್ಟದ್ದರಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಇದೊಂದೇ. ನನ್ನ ಕೆಲಸದಿಂದಲೇ ತೆಗೆದು ಹೇಳಿದ್ದರಿಂದ. ಅದಕ್ಕೇ ನನಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ತಿಳಿಯದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಅವಳಿಗೆ ಕಾಯಿಲೆ ಬಂದದ್ದು ನಲವತ್ತಾರಕ್ಕೆ. ಹೊಟ್ಟೆಯೊಳಗೆ ಗಡ್ಡೆ. ಆಪರೇಷನ್ ಆಯಿತು, ಔಷಧಿ ಆಯಿತು, ಕೂದಲು ಹೋಯಿತು, ಮತ್ತೆ ಸ್ವಲ್ಪ ಬಂತು. ಒಂಬತ್ತು ತಿಂಗಳಾದ ಮೇಲೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮುಂದಿನ ಕೋಣೆಯಲ್ಲೇ, ಮಿಷನ್ನಿನ ಪಕ್ಕ, ಅವಳಿಗೆ ಮಂಚ ಹಾಕಿದೆ. ಬ್ಲೌಸ್ ಕೊಡಲು ಬಂದ ಹೆಂಗಸರು ಅವಳ ಜೊತೆ ಮಾತಾಡುತ್ತಿದ್ದರು. ಶಾಲೆಯ ಮಕ್ಕಳು ಬಣ್ಣ ಹಚ್ಚಿದ ಕಾಗದಗಳನ್ನು ಕಳಿಸುತ್ತಿದ್ದರು. ಮೇಡಂ ದಿನ ಬಿಟ್ಟು ದಿನ ಬಂದು ಪ್ರಾರ್ಥನೆ ಓದುತ್ತಿದ್ದರು. ಅವರು ಓದುವಾಗ ನಾನು ಮಿಷನ್ ನಿಲ್ಲಿಸುತ್ತಿದ್ದೆ.

ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ನಾನು ಒಂದು ರೇಷ್ಮೆ ಸೀರೆಗೆ ಫಾಲ್ ಹಚ್ಚುತ್ತಿದ್ದೆ.

"ಅಕ್ಕ, ನಂಗೇನಾದ್ರೂ ಆದ್ರೆ ಮಣ್ಣು ಮಾಡಿಸು."

"ಬಿಡ್ತು ಅನ್ನು."

"ಬಿಡ್ತು. ಆದ್ರೂ ಕೇಳು. ನಮ್ಮಲ್ಲಿ ಸುಡಲ್ಲ. ಮೈ ತೊಳೆದು, ಬಿಳಿ ಬಟ್ಟೆ ಸುತ್ತಿ, ಹೂಳೋದು. ಸತ್ತ ಜಾಗದಿಂದ ಒಂದು ಗಂಟೆ ದಾರಿಗಿಂತ ದೂರ ತಗೊಂಡು ಹೋಗೋ ಹಾಗಿಲ್ಲ. ಎಲ್ಲಿ ಅಂತ ಮೇಡಂಗೆ ಗೊತ್ತು, ಅವರೇ ನೋಡ್ಕೋತಾರೆ. ನೀನು ಹೂಂ ಅಂದ್ರೆ ಸಾಕು."

"ನಮ್ಮ ಟ್ರಾಫಿಕಲ್ಲಿ ಒಂದು ಗಂಟೆಗೆ ಸಾರಕ್ಕಿ ಸಿಗ್ನಲ್ ದಾಟಲ್ಲ," ಅಂದೆ. ಮಾತು ತಿರುಗಿಸಲು ಅಂದದ್ದು.

ಅವಳು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಕೈ ಒತ್ತಿ ಹಿಡಿದುಕೊಂಡೇ ನಕ್ಕಳು. ಆಮೇಲೆ ಹೇಳಿದಳು: "ಮಣ್ಣು ಅಂದ್ರೆ ಮಣ್ಣೇ ಅಕ್ಕ. ವರ್ಣನೆ ಅಲ್ಲ, ಅಳತೆ."

ನಾನು ಹೂಂ ಅಂದೆ. ಮರುವಾರ ಅವಳು ಹೇಳಿದಂತೆ ಚಿಕ್ಕಪೇಟೆಗೆ ಹೋಗಿ ಬಿಳಿ ಕಾಟನ್ ಬಟ್ಟೆ ತಂದೆ. ಕೈಯಲ್ಲಿ ಸವರಿ ನೋಡಿ, ಚೆನ್ನಾಗಿದೆ ಅಂದಳು. "ಇದಕ್ಕೆ ಕತ್ತರಿ ಹಾಕ್ಬೇಡ, ಲೈನಿಂಗಿಗೆ ಅಂತ," ಅಂದಳು. ಬೀರುವಿನ ಮೇಲಿನ ಖಾನೆಯಲ್ಲಿಟ್ಟೆ.

ಅವಳು ಹೋದದ್ದು ಒಂದು ಗುರುವಾರ ಬೆಳಿಗ್ಗೆ. ನಾನು ಹಾಲು ತರಲು ಹೋಗಿದ್ದೆ. ವಾಪಸ್ಸು ಬಂದಾಗ ಮಗಳು ಅವಳ ಕೈ ಹಿಡಿದು ಕೂತಿದ್ದಳು. ಮಗಳ ಮುಖ ನೋಡಿದರೆ ಸಾಕಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಬೀದಿ ತುಂಬಿತು. ಸಾರಕ್ಕಿಯಿಂದ ನಮ್ಮ ಸೋದರಮಾವ ಬಂದರು. ಅಪ್ಪ ಹೋದ ಮೇಲೆ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮುಂದೆ ನಿಂತವರು ಅವರೇ. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಕೆರೆಯ ಪಕ್ಕ ಸೊಪ್ಪು ಬೆಳೆದವರು, ಕೂಗಿ ಮಾತಾಡುವುದು ಅಭ್ಯಾಸ. ಅವರ ಮಾತಿಗೆ ನಾನು ಯಾವತ್ತೂ ಹೆದರುತ್ತಿದ್ದೆ. ಮಗಳಿಗೆ ಆಗಷ್ಟೇ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗನ ತಂದೆ ತಾಯಿಯೂ ಬಂದು ಎದುರುಮನೆಯ ಕಾಂಪೌಂಡಿನ ಹತ್ತಿರ ನಿಂತಿದ್ದರು. ಮೇಡಂ ಮತ್ತು ಅವರ ಕಡೆಯ ಮೂವರು ಆಟೋದಲ್ಲಿ ಬಂದು ಬಾಗಿಲ ಬಳಿ ನಿಂತರು. ಮೇಡಂ ನನ್ನ ಕೈ ಹಿಡಿದುಕೊಂಡರು.

ಮಾವ ಅವರನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಇವಳು ಆ ಕಡೆ ಸೇರ್ಕೊಂಡಿದ್ಲು. ಅವರ ಪದ್ಧತಿ ಬೇರೆ ಇರ್ಬೋದು. ಏನಾದ್ರೂ ಹೇಳಿದ್ಲಾ ನಿಂಗೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಮಣ್ಣು ಮಾಡಿಸು ಅಂದಿದ್ಲು," ಅಂದೆ.

"ಅದು ಎಲ್ರೂ ಅನ್ನೋದೇ. ಹೂಳ್ಬೇಕು ಅಂತ ಹೇಳಿದ್ಲಾ? ಅದನ್ನ ಹೇಳು."

ಹುಡುಗನ ತಾಯಿ ಒಂದು ಹೆಜ್ಜೆ ಮುಂದೆ ಬಂದದ್ದು ನನಗೆ ಕಂಡಿತು. ನಾಳೆ ಇವರು ಮನೆಗೆ ಹೋಗಿ ಏನು ಮಾತಾಡುತ್ತಾರೆ ಎಂದು ಯೋಚನೆ ಬಂತು. ಅದೊಂದೇ ಆಗಿದ್ದರೆ ಈಗ ನನ್ನನ್ನು ನಾನು ಸ್ವಲ್ಪ ಕ್ಷಮಿಸಿಕೊಳ್ಳಬಹುದಿತ್ತೇನೋ.

"ಇಲ್ಲ ಮಾವ," ಅಂದೆ. "ಮಾತಿಗೆ ಹೇಳಿದ್ದು. ಅವಳು ಯಾವ್ದನ್ನೂ ನೇರವಾಗಿ ಹೇಳ್ತಿರ್ಲಿಲ್ಲ. ಅವರಲ್ಲಿ ಎಲ್ಲಾ ಸಾಂಕೇತಿಕ."

ಆ ಪದ ನನ್ನ ಬಾಯಿಂದ ಎಡವದೆ ಬಂತು. ಅದನ್ನು ನಾಲ್ಕು ಜನರ ಮುಂದೆ ಸರಿಯಾಗಿ ಹೇಳಿದೆನಲ್ಲ ಎಂದು ಒಂದು ಕ್ಷಣ, ಒಂದೇ ಕ್ಷಣ, ಒಳಗೆ ಏನೋ ಹಿಗ್ಗಿತು. ತಂಗಿಯ ಹೆಣ ಒಳಗಿತ್ತು. ಇಷ್ಟು ವರ್ಷ ಅವಳು ನನ್ನ ಕಥೆಗಳಿಗೆ ಮಾಡಿದ್ದನ್ನು ನಾನು ಅವಳ ಮಾತಿಗೆ ಮಾಡಿದೆ. ಅವಳು ಅರ್ಥ ಹುಡುಕಲು ಮಾಡಿದ್ದಳು. ನಾನು ಅರ್ಥ ಮುಚ್ಚಲು ಮಾಡಿದೆ. ಆ ಹಿಗ್ಗನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ಮೇಡಂಗೂ.

ಮೇಡಂ ನನ್ನ ಕಡೆ ನೋಡಿದರು. ಕೋಪದ ನೋಟವಲ್ಲ. ಕಳೆದುಹೋದ ಮಗುವನ್ನು ನೋಡುವಂತೆ ನೋಡಿದರು. ಮಾವ ಅವರನ್ನು ಕೇಳಿದರು: "ಏನಮ್ಮ, ನಿಮ್ಮ ಕಡೆಯಿಂದ ಏನಾದ್ರೂ ಇದೆಯಾ?"

"ನಾವೆಲ್ಲ ನಿಂತು ಒಂದು ಪ್ರಾರ್ಥನೆ ಓದ್ಬೇಕು. ಅವಕಾಶ ಕೊಡಿ," ಅಂದರು. "ಮಿಕ್ಕಿದ್ದು ಮನೆಯವರು ಹೇಳಿದ ಹಾಗೆ."

ಮೇಡಂ ಓದಿದರು. ಬೀದಿಯವರೆಲ್ಲ ಎದ್ದು ನಿಂತರು, ಮಾವ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ಹೊತ್ತಿನಲ್ಲೂ ನಾನು ಬಾಯಿ ಬಿಡಬಹುದಿತ್ತು. ಬೀರು ಹತ್ತು ಹೆಜ್ಜೆ ದೂರದಲ್ಲಿತ್ತು. ಬಿಳಿ ಬಟ್ಟೆ ತೆಗೆದರೆ ಇದು ಯಾತಕ್ಕೆ ಎಂದು ಕೇಳುತ್ತಾರೆ ಎಂದು ಅದನ್ನೂ ತೆಗೆಯಲಿಲ್ಲ. ಅವಳಿಗೆ ನನ್ನ ಮದುವೆಯ ಸೀರೆ ಹೊದಿಸಿ ಕಳಿಸಿದೆ. ಎಲ್ಲರೂ ನನ್ನದು ದೊಡ್ಡ ಮನಸ್ಸು ಎಂದು ಹೊಗಳಿದರು. ಮೂರು ಗಂಟೆಯ ಹೊತ್ತಿಗೆ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿಯಿತು. ಬಂದವರು ಕಾಲು ತೊಳೆದುಕೊಂಡು, "ಮಣ್ಣು ಚೆನ್ನಾಗಾಯ್ತು," ಅಂದರು.

ಆಮೇಲಿನ ತಿಂಗಳುಗಳಲ್ಲಿ ಮೇಡಂ ಬಂದರೆ ನಾನು ಕೆಲಸದಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದೆ. ಅವರು ಎರಡು ಸಲ ಸುಮ್ಮನೆ ಕೂತು ಎದ್ದು ಹೋದರು. ಮೂರನೇ ಸಲ, "ಅವಳ ಪುಸ್ತಕ ಒಂದೆರಡು ಇಲ್ಲಿದ್ರೆ ಯಾವಾಗ್ಲಾದ್ರೂ ತಂದುಕೊಡಿ, ಅವಸರ ಇಲ್ಲ," ಅಂದರು. ಮಗಳ ಮದುವೆ ಆಯಿತು. ಹುಡುಗನ ತಾಯಿ ಒಳ್ಳೆಯವರು. ತಂಗಿಯ ಫೋಟೋ ನೋಡಿ, ಇವರಿಗೆ ಪಾಠ ಹೇಳುವುದು ಎಷ್ಟು ಚೆನ್ನಾಗಿ ಬರುತ್ತಿತ್ತಂತೆ ಎಂದು ತಾವೇ ಮಾತು ತೆಗೆದರು. ಯಾರಿಗೆ ಹೆದರಿ ಸುಳ್ಳು ಹೇಳಿದೆನೋ ಅವರು ನನ್ನನ್ನು ಹೆದರಿಸಿಯೇ ಇರಲಿಲ್ಲ.

ಒಂದು ಸಂಜೆ ಪುಸ್ತಕಗಳನ್ನೂ ಆ ಬಿಳಿ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು, ಬನಶಂಕರಿಯಲ್ಲಿ ಬಸ್ಸು ಬದಲಿಸಿ ಜೆ.ಪಿ. ನಗರಕ್ಕೆ ಹೋದೆ. ಅವತ್ತು ಅವರ ಮನೆಯಲ್ಲಿ ಓದುವ ದಿನ. ಬಾಗಿಲಲ್ಲೇ ಕೊಟ್ಟು ಬರೋಣವೆಂದಿದ್ದೆ, ಒಳಗೆ ಕೂರಿಸಿದರು. ಆರು ಜನ ಇದ್ದರು. ಗೋರಿಗಳು ತೆರೆದುಕೊಳ್ಳುವುದರ ಬಗ್ಗೆಯೇ ಓದುತ್ತಿದ್ದರು. ತಂಗಿ ಹೇಳಿದ್ದ ಅರ್ಥವನ್ನೇ ಮೇಡಂ ಹೇಳಿದರು. ಹೊಸದಾಗಿ ಬರುತ್ತಿದ್ದ ಬ್ಯಾಂಕ್ ನೌಕರನೊಬ್ಬ ಕೇಳಿದ: "ಎಲ್ಲಿ ಒಳಗಿನ ಅರ್ಥ, ಎಲ್ಲಿ ಹೇಳಿದ್ದೇ ಅರ್ಥ, ಹೆಂಗೆ ಗೊತ್ತಾಗೋದು ಮೇಡಂ? ಕಷ್ಟ ಅನ್ನಿಸಿದಾಗ ಇದು ಸಾಂಕೇತಿಕ ಅನ್ಬಿಡ್ಬೋದಲ್ಲ."

ಮೇಡಂ ಉತ್ತರ ಕೊಡುವ ಮೊದಲು ನಾನು ಮಾತಾಡಿಬಿಟ್ಟೆ. "ಅನ್ಬಿಡ್ಬೋದು," ಅಂದೆ. "ನಾನು ಅಂದಿದೀನಿ."

ಎಲ್ಲ ಹೇಳಿದೆ. ಫಾಲ್ ಹಚ್ಚುತ್ತಿದ್ದ ಮಧ್ಯಾಹ್ನ, ಹತ್ತು ಇಂಚಿನ ತೋಳು, ಬೀರುವಿನ ಮೇಲಿನ ಖಾನೆ. "ಅವಳು ಒಗಟು ಹೇಳಿರ್ಲಿಲ್ಲ. ಮಣ್ಣು ಅಂದ್ರೆ ಮಣ್ಣೇ ಅಂತ ಬಿಡಿಸಿ ಹೇಳಿದ್ಲು. ನಂಗೆ ಅರ್ಥ ಆಗಿತ್ತು." ಬ್ಯಾಂಕಿನ ಹುಡುಗ ತಲೆ ತಗ್ಗಿಸಿದ. ಯಾರೋ ಎದ್ದು ನೀರು ತಂದುಕೊಟ್ಟರು.

ಉಳಿದವರೆಲ್ಲ ಹೋದ ಮೇಲೆ ಮೇಡಂ ನನ್ನ ಪಕ್ಕ ಕೂತರು. "ನಂಗೆ ಗೊತ್ತಿತ್ತು," ಅಂದರು. "ನಂಗೂ ಹೇಳಿದ್ಲು ಅವಳು."

"ಮತ್ಯಾಕೆ ಸುಮ್ನಿದ್ರಿ?"

"ಹೆಣ ಒಳಗಿಟ್ಕೊಂಡು ಬಾಗ್ಲಲ್ಲಿ ವಾದ ಮಾಡೋದು ಬೇಡ ಅನ್ನಿಸ್ತು. ನಮ್ಮ ಧರ್ಮ ಇರೋದೇ ಜನ ಒಂದಾಗ್ಲಿ ಅಂತ. ಅದಕ್ಕೋಸ್ಕರ ಒಂದು ಮನೆ ಒಡೆದ್ರೆ ಹೆಂಗೆ ಅಂದ್ಕೊಂಡೆ. ಸರಿ ಮಾಡಿದ್ನೋ ತಪ್ಪು ಮಾಡಿದ್ನೋ, ಇನ್ನೂ ಯೋಚ್ನೆ ಮಾಡ್ತಾನೇ ಇದೀನಿ."

ಅವರೂ ರಾತ್ರಿ ಹಗಲು ಇದನ್ನು ಹೊತ್ತುಕೊಂಡಿದ್ದರೆಂದು ನನಗೆ ಹೊಳೆದಿರಲಿಲ್ಲ.

"ಅವಳಿಗೇನಾದ್ರೂ ಆಗಿರುತ್ತಾ?" ಅಂದೆ. ಹಾಗೆ ಕೇಳಲು ನಾಚಿಕೆಯಾಯಿತು, ಆದರೆ ಕೇಳದೆ ಇರಲಾಗಲಿಲ್ಲ.

"ಇಲ್ಲ. ಆತ್ಮಕ್ಕೆ ಬೆಂಕಿ ತಾಗಲ್ಲ. ಮನೆಯವರು ಬೇರೆ ರೀತಿ ಮಾಡಿದ್ರು ಅಂತ ಅವಳ ದಾರಿ ತಪ್ಪಲ್ಲ. ಮೈಗೆ ನಾವು ಮರ್ಯಾದೆ ಕೊಡೋದು ಅದು ಆತ್ಮಕ್ಕೆ ಮನೆಯಾಗಿತ್ತು ಅಂತ."

"ಅವಳಿಗೆ ಏನೂ ಆಗಿಲ್ಲ ಅಂದ್ರೆ, ಆಗಿರೋದು ನಂಗೆ."

ಅವರು ಇಲ್ಲ ಅನ್ನಲಿಲ್ಲ. ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತರು. ಬಟ್ಟೆಯನ್ನು ತೆಗೆದುಕೊಂಡು, ಬೇಕಾದವರಿಗೆ ಆಗುತ್ತದೆ ಅಂದರು. ಏಳುವಾಗ ಕೇಳಿದರು: "ನಿಮ್ಮ ಮಾವನಿಗೆ ಹೇಳಿದೀರಾ?"

ಎರಡು ದಿನ ಬಿಟ್ಟು ಸಾರಕ್ಕಿಗೆ ಹೋದೆ. ಮಾವ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ರಸ್ತೆಯ ಗಾಡಿಗಳನ್ನು ನೋಡುತ್ತ ಕಡಲೆಕಾಯಿ ಬಿಡಿಸುತ್ತಿದ್ದರು. ಕಣ್ಣು ಮಂಜಾಗಿದೆ ಅವರಿಗೆ, ಹತ್ತಿರ ಹೋದ ಮೇಲೆ ಗುರುತು ಹಿಡಿದರು. ನಾನು ನಿಂತೇ ಹೇಳಿದೆ. ಕೂಗುತ್ತಾರೆಂದು ಕಾದೆ.

ಅವರು ಬಿಡಿಸುವುದನ್ನು ನಿಲ್ಲಿಸಿದರು.

"ನಾನು ಕೇಳಿದ್ನಲ್ಲಮ್ಮ," ಅಂದರು. "ಎರಡು ಸಲ ಕೇಳ್ದೆ."

"ಹೂಂ ಮಾವ."

"ಹೇಳಿದ್ರೆ ಹೂಳ್ತಿದ್ವಲ್ಲ. ಅದೇನ್ ದೊಡ್ಡ ಮಾತು? ಆ ಮೇಡಂ ಜಾಗ ತೋರ್ಸಿದ್ರೆ ನಾನೇ ಹೋಗಿ ಮೊದಲ ಹಿಡಿ ಮಣ್ಣು ಹಾಕ್ತಿದ್ದೆ. ನನ್ನ ಮೊದಲ್ನೇ ಮಗು ಹನ್ನೊಂದು ದಿನಕ್ಕೆ ಹೋಯ್ತಲ್ಲ. ಹಸುಗೂಸನ್ನ ಸುಡ್ತಾರಾ? ಇದೇ ಕೈಯಲ್ಲಿ ಹೂಳಿದೀನಿ. ಹೂಳಿದ್ರೆ ಮರ್ಯಾದೆ ಹೋಗುತ್ತೆ ಅಂತ ಯಾರಂದ್ರು ನಿಂಗೆ?"

ಯಾರೂ ಅಂದಿರಲಿಲ್ಲ. ಅದನ್ನೇ ಹೇಳಿದೆ.

ಒಳಗಿನಿಂದ ಅತ್ತೆ ಕಾಫಿ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಹೊರಟುಹೋದರು. ಆಮೇಲೆ ಮಾವ ನನಗೆ ಕುರ್ಚಿ ಎಳೆದುಕೊಂಡು ಕೂರಲು ಹೇಳಿ, ಅಂಗಿಯ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು. ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಹಳೆಯ ಹಾಳೆಯೊಂದನ್ನು ಹರಿದು ಹಿಂಬದಿ ಮೇಲೆ ಮಾಡಿ ಕೊಟ್ಟರು.

"ನಂದೂ ಬರ್ಕೋ. ನನ್ನ ಮಕ್ಕಳು ನಿನ್ನಷ್ಟೇ ಜಾಣರು, ಏನೇನು ಅರ್ಥ ಮಾಡ್ಕೋತಾರೋ. ನನ್ನನ್ನ ಸುಡ್ಬೇಕು. ಬರ್ದ್ಯಾ? ಸುಡೋದು ಅಂದ್ರೆ ಸುಡೋದೇ."

"ಹೂಂ."

"ಬ್ಯಾಂಡ್ ಬೇಡ. ಬೇಡ ಅಂದ್ರೆ ಬೇಡ ಅಂತಲೇ. ನಾಚ್ಕೊಂಡು ಬೇಡ ಅಂದಿದಾನೆ ಅಂತ ತರ್ಸ್ಬೇಡ್ರಿ."

ನನ್ನ ಅಕ್ಷರ ದಪ್ಪ, ನಿಧಾನ. ಅವರು ಹೇಳಿದ ಒಂದೊಂದು ಪದವನ್ನೂ ಇದ್ದ ಹಾಗೆಯೇ ಬರೆದೆ. ಬರೆದದ್ದನ್ನು ಓದಿ ಹೇಳಿದೆ. "ಹಂಗೇ," ಅಂದರು. ಸುಡುವುದು ವಿದ್ಯುತ್ತಿನಲ್ಲೋ ಸೌದೆಯಲ್ಲೋ ಎಂದು ಕೇಳಿದೆ. ಯಾವುದಾದರೂ ಸರಿ ಅಂದರು. ಯಾವುದಾದರೂ ಸರಿ ಎಂದರೆ ನಿಜವಾಗಲೂ ಯಾವುದಾದರೂ ಸರಿಯೋ, ಇಲ್ಲ ಮನಸ್ಸಿನಲ್ಲಿ ಒಂದಿದೆಯೋ ಎಂದು ಕೇಳಿದೆ.

"ಎಷ್ಟು ಸಲ ಕೇಳ್ತೀಯೇ?" ಅಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು.

"ಇನ್ನೊಂದ್ಸಲ ಹೇಳಿ ಮಾವ," ಅಂದೆ.